ನೂಲದ, ನೇಯದ ವಸ್ತ್ರ

ಆಷಾಢ ಕಳೆಯುತ್ತಿದ್ದಂತೆ ಮೈಸೂರಿನ ಒಂಟಿಕೊಪ್ಪಲಿನ ಹಳೆಯ ಮನೆಗಳಲ್ಲಿ ಮಧ್ಯಾಹ್ನದ ಹೊತ್ತು ನಡುಮನೆಯ ಫ್ಯಾನು ನಿಲ್ಲುತ್ತದೆ. ಊಟ ಮುಗಿಸಿ, ಅಡುಗೆಮನೆ ಒರೆಸಿ ಬಂದ ಹೆಂಗಸರು ಗೋಡೆಗೊರಗಿ ಕೂತು ಮೊರವನ್ನು ಮುಂದಕ್ಕೆಳೆದುಕೊಂಡರೆ ಸಂಜೆಯ ಕಾಫಿಯವರೆಗೆ ಏಳುವುದಿಲ್ಲ. ಮೊರದ ತುಂಬ ಬೀಜ ಬಿಡಿಸಿದ ಹತ್ತಿ. ಪಕ್ಕದಲ್ಲಿ ಪುಟ್ಟ ಬಟ್ಟಲಲ್ಲಿ ಹಾಲು, ಇನ್ನೊಂದರಲ್ಲಿ ಕುಂಕುಮ. ಗಾಳಿಯಾಡಿದರೆ ಹತ್ತಿ ಮನೆಯೆಲ್ಲ ಹಾರುತ್ತದೆ, ಅದಕ್ಕೇ ಫ್ಯಾನು ಹಾಕುವಂತಿಲ್ಲ. ಮುಂದಿರುವುದು ಶ್ರಾವಣ. ಮಂಗಳಗೌರಿ, ವರಮಹಾಲಕ್ಷ್ಮಿ, ಅದರ ಬೆನ್ನಿಗೇ ಭಾದ್ರಪದದ ಗೌರಿ, ಗಣೇಶ, ಅನಂತ. ಇಷ್ಟು ಪೂಜೆಗಳಿಗೂ ಬೇಕಾಗುವ ಗೆಜ್ಜೆವಸ್ತ್ರ ಅಷ್ಟರೊಳಗೆ ಡಬ್ಬಿ ಸೇರಿರಬೇಕು.

ನೋಡದವರಿಗೆ ಹೇಳುವುದಾದರೆ ಗೆಜ್ಜೆವಸ್ತ್ರ ಹತ್ತಿಯ ಹಾರ. ಕಡಲೆಕಾಳಿನಿಂದ ಹಿಡಿದು ನೆಲ್ಲಿಕಾಯಿಯ ಗಾತ್ರದವರೆಗಿನ ಬಿಳಿ ಉಂಡೆಗಳು ಸಾಲಾಗಿ ಬಂದಿರುತ್ತವೆ, ಎರಡು ಉಂಡೆಗಳ ನಡುವಿನ ಸಣ್ಣ ಸೊಂಟದಲ್ಲಿ ಕುಂಕುಮದ ಕೆಂಪು. ಷೋಡಶೋಪಚಾರದ ಹದಿನಾರು ಸೇವೆಗಳಲ್ಲಿ ದೇವರಿಗೆ ವಸ್ತ್ರ ಅರ್ಪಿಸುವುದೂ ಒಂದು. ಪ್ರತಿ ಪೂಜೆಗೂ ಹೊಸ ರೇಷ್ಮೆಯನ್ನೋ ಪಂಚೆಯನ್ನೋ ತರುವುದು ಎಲ್ಲ ಮನೆಗಳಿಗೂ ಆಗುವ ಮಾತಲ್ಲ. ಅದರ ಜಾಗದಲ್ಲಿ ಈ ಹಾರ ಬರುತ್ತದೆ, ಪುರೋಹಿತರೂ ಅದನ್ನೇ ವಸ್ತ್ರವೆಂದು ಏರಿಸುತ್ತಾರೆ. ಇದಕ್ಕೆ ಸೂಜಿ ಬೇಡ, ದಾರ ಬೇಡ, ಅಂಟು ಬೇಡ, ರಾಟೆ ಮಗ್ಗಗಳ ಮಾತೇ ಇಲ್ಲ. ನೂಲುವ ಮೊದಲಿನ ಹತ್ತಿ ನೇರವಾಗಿ ಬೆರಳ ತುದಿಯಲ್ಲೇ ವಸ್ತ್ರವಾಗುತ್ತದೆ.

ಮೈಸೂರಿನ ಈ ಭಾಗದಲ್ಲಿ ಇಂಥ ಕೆಲಸ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ. ವಾಣಿವಿಲಾಸ ಮೊಹಲ್ಲಾದ ಮಗ್ಗುಲಿನ ಒಂಟಿಕೊಪ್ಪಲು ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಪಂಚಾಂಗ. ಯುಗಾದಿಗೆ ಮುಂಚೆ ನಾಡಿನ ಎಷ್ಟೋ ಮನೆಗಳಿಗೆ ಹೋಗುವ ಒಂಟಿಕೊಪ್ಪಲ್ ಪಂಚಾಂಗಕ್ಕೆ ಹೆಸರು ಕೊಟ್ಟದ್ದು ಈ ಬಡಾವಣೆಯೇ. ಕುವೆಂಪು ಅವರ ಮನೆ ‘ಉದಯರವಿ’ ಇರುವುದೂ ಈ ಆಸುಪಾಸಿನಲ್ಲಿ. ವೆಂಕಟರಮಣಸ್ವಾಮಿ ದೇವಸ್ಥಾನ, ಅದರ ಸುತ್ತಿನ ಅಡ್ಡರಸ್ತೆಗಳು, ಒಂದೊಂದು ತೆಂಗಿನಮರವಾದರೂ ಇರುವ ಹಿತ್ತಲುಗಳು. ಹಬ್ಬದ ತಿಥಿ ನಕ್ಷತ್ರಗಳನ್ನು ನಾಡಿಗೆ ತಿಳಿಸುವ ಊರುಕೇರಿಯಲ್ಲಿ ಆ ಹಬ್ಬಕ್ಕೆ ಬೇಕಾದ ಕೈಕೆಲಸವೂ ಬೆಳೆದು ಬಂದಿದೆ. ಪಂಚಾಂಗವೇನೋ ಅಚ್ಚಾಗಿ ಹೆಸರು ಮಾಡಿತು. ನಡುಮನೆಯ ಕೆಲಸ ನಡುಮನೆಯಲ್ಲೇ ಉಳಿಯಿತು.

ಇಲ್ಲಿಯ ಅಡ್ಡರಸ್ತೆಯೊಂದರಲ್ಲಿದ್ದ ನಮ್ಮ ಸೋದರತ್ತೆಯ ಕೈ ನೋಡಿಯೇ ನಾನು ಈ ಕೆಲಸವನ್ನು ತಿಳಿದದ್ದು. ಹತ್ತಿ ತಂದ ದಿನ ಅವರು ಗೆಜ್ಜೆ ಮಾಡುತ್ತಿರಲಿಲ್ಲ. ಮೊದಲು ಬೀಜ ತೆಗೆಯಬೇಕು, ಬೀಜಕ್ಕೆ ಅಂಟಿದ ಕಸ, ಎಲೆಯ ಪುಡಿ ಒಂದೊಂದನ್ನೂ ಆರಿಸಬೇಕು. ಆಮೇಲೆ ಹಿಂಜುವುದು. ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳಲ್ಲಿ ಹಿಡಿದು ಗಂಟು ಬಿಡಿಸುತ್ತ ಹೋದರೆ ಒಂದು ಹಿಡಿ ಹತ್ತಿ ಮೊರ ತುಂಬುವಷ್ಟು ಅರಳುತ್ತದೆ. ಹೀಗೆ ಅರಳಿದ್ದನ್ನು ತೆಳ್ಳಗೆ, ಬೆಳಕು ಹಾಯುವಷ್ಟು ತೆಳ್ಳಗೆ, ಉದ್ದದ ಪಟ್ಟಿಯಾಗಿ ಎಳೆದುಕೊಳ್ಳಬೇಕು. ಪಟ್ಟಿಯ ದಪ್ಪ ಎಲ್ಲ ಕಡೆ ಒಂದೇ ಸಮ ಇರದಿದ್ದರೆ ಗೆಜ್ಜೆಗಳು ಒಂದು ದಪ್ಪ ಒಂದು ಸಣ್ಣ ಆಗುತ್ತವೆ. ಇಡೀ ಕೆಲಸದ ಹದ ಇರುವುದು ಇಲ್ಲೇ.

ಇನ್ನು ಹೊಸೆಯುವುದು. ಹಾಲಲ್ಲಿ ತುದಿಬೆರಳು ಅದ್ದಿ, ಪಟ್ಟಿಯ ಒಂದು ತುದಿಯನ್ನು ಹೊಸೆದು ಸಣ್ಣ ಎಳೆ ಮಾಡುತ್ತಾರೆ. ಅಲ್ಲಿಂದ ಒಂದು ಬೆರಳಗಲ ಬಿಟ್ಟು, ಮುಂದಿನ ಜಾಗವನ್ನು ಚಿವುಟಿ ಹಿಡಿದು ಮತ್ತೆ ಹೊಸೆಯುತ್ತಾರೆ. ನಡುವೆ ಬಿಟ್ಟ ಹತ್ತಿ ತಾನಾಗಿಯೇ ಉಬ್ಬಿ ಗೆಜ್ಜೆಯಾಗುತ್ತದೆ. ಬೆರಳಿಗೆ ಕುಂಕುಮ ಸೋಕಿಸಿಕೊಂಡು ಹೊಸೆದರೆ ಬಣ್ಣ ಹೊಸೆದ ಕಡೆ ಮಾತ್ರ ಹಿಡಿಯುತ್ತದೆ, ಗೆಜ್ಜೆಯ ಬಿಳುಪು ಕೆಡುವುದಿಲ್ಲ. ಹಾಲಿನ ಬದಲು ನೀರು ಮುಟ್ಟಿಸುವವರಿದ್ದಾರೆ, ಬೆರಳು ಜಾರದಿರಲೆಂದು ವಿಭೂತಿ ಸವರಿಕೊಳ್ಳುವವರೂ ಇದ್ದಾರೆ. ಕಲಿಯುವವರು ಅವಸರಪಟ್ಟು ಎಳೆದಾಗ ಅತ್ತೆ ಗದರುತ್ತಿರಲಿಲ್ಲ. “ಎಳೀಬೇಡ, ಬಿಡು, ಅದೇ ಬರುತ್ತೆ,” ಎಂದು ಕೈ ಹಿಡಿದು ತೋರಿಸುತ್ತಿದ್ದರು. ಆ ಮಾತಿನಲ್ಲಿ ವಿದ್ಯೆಯೆಲ್ಲ ಇದೆ. ಬಲ ಹಾಕಿದರೆ ಹತ್ತಿ ಹರಿಯುತ್ತದೆ, ಸಡಿಲ ಹಿಡಿದರೆ ಜಾರಿ ಬರುತ್ತದೆ.

ದಾರವೂ ಅಂಟೂ ಇಲ್ಲದೆ ಈ ಹಾರ ಹೇಗೆ ನಿಲ್ಲುತ್ತದೆ? ಅದರ ಗುಟ್ಟು ಹತ್ತಿಯ ಎಳೆಯಲ್ಲೇ ಇದೆ. ಹತ್ತಿಯ ಒಂದೊಂದು ಎಳೆಯೂ ಬೀಜದ ಸಿಪ್ಪೆಯ ಮೇಲೆ ಬೆಳೆದ ಒಂದೇ ಒಂದು ಜೀವಕೋಶ. ಕಾಯಿ ಒಡೆದು ಒಣಗುವಾಗ ಕೊಳವೆಯಂತಿದ್ದ ಆ ಕೋಶ ಚಪ್ಪಟೆಯಾಗಿ, ಉದ್ದಕ್ಕೂ ತಿರುಚಿಕೊಳ್ಳುತ್ತದೆ. ತಿರುಚಿದ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹತ್ತಿಯಿಂದ ನೂಲು ಬರುವುದೂ ಇದರಿಂದಲೇ, ಗೆಜ್ಜೆ ನಿಲ್ಲುವುದೂ ಇದರಿಂದಲೇ. ಬೂರುಗದ ಹತ್ತಿಯ ಎಳೆ ಹಾಗಲ್ಲ, ಅದು ನುಣುಪು, ತಿರುಚಿಲ್ಲ. ಹಾಗಾಗಿ ದಿಂಬು ಹಾಸಿಗೆಗೆ ಒಳ್ಳೆಯದೇ ಹೊರತು ಹೊಸೆಯಲು ಬಾರದು. ಔಷಧಿ ಅಂಗಡಿಯ ಹತ್ತಿಯನ್ನೂ ಬಲ್ಲವರು ಒಪ್ಪುವುದಿಲ್ಲ. ಗಾಯದ ನೀರನ್ನು ಹೀರಲೆಂದು ಅದರ ಸಹಜ ಜಿಡ್ಡನ್ನು ತೆಗೆದು, ಬಿಳುಪು ಮಾಡಿರುತ್ತಾರೆ. ಹಿತ್ತಲಲ್ಲಿ ಒಂದು ಹತ್ತಿ ಗಿಡವಿದ್ದ ಮನೆಗಳಲ್ಲಿ ದೇವರ ಹತ್ತಿಗೆ ಅದೇ ಆಧಾರವಾಗಿತ್ತು. ಉಳಿದವರು ಗ್ರಂಥಿಗೆ ಅಂಗಡಿಯಿಂದ ತರುತ್ತಿದ್ದರು. ಮೈಸೂರು ಜಿಲ್ಲೆಯ ಎಚ್.ಡಿ.ಕೋಟೆ ಸೀಮೆಯಲ್ಲಿ ಹತ್ತಿ ಬೆಳೆಯುತ್ತದೆ, ಆ ಕಡೆಯ ನೆಂಟರು ಬರುವಾಗ ಹೊಲದ ಹತ್ತಿಯನ್ನೇ ಚೀಲದಲ್ಲಿ ತಂದುಕೊಡುವ ರೂಢಿ ಎಷ್ಟೋ ಮನೆಗಳಲ್ಲಿತ್ತು.

ಲೆಕ್ಕಕ್ಕೂ ಈ ಕೆಲಸದಲ್ಲಿ ದೊಡ್ಡ ಸ್ಥಾನವಿದೆ. ಸ್ವರ್ಣಗೌರಿ ವ್ರತಕ್ಕೆ ಹದಿನಾರು ಎಳೆಯ ಗೆಜ್ಜೆವಸ್ತ್ರ, ಅದರ ಜೊತೆ ಹದಿನಾರು ಗಂಟಿನ ದಾರ. ಗಣೇಶನಿಗೆ ಗರಿಕೆಯಂತೆಯೇ ವಸ್ತ್ರವೂ ಇಪ್ಪತ್ತೊಂದರ ಲೆಕ್ಕ. ಅನಂತನ ದಾರಕ್ಕೆ ಹದಿನಾಲ್ಕು ಗಂಟು. ಕೆಲವು ಮನೆಗಳಲ್ಲಿ ಎಳೆ ಎಣಿಸುತ್ತಾರೆ, ಕೆಲವು ಮನೆಗಳಲ್ಲಿ ಗೆಜ್ಜೆ ಎಣಿಸುತ್ತಾರೆ. ಮದುವೆಯಾಗಿ ಬಂದ ಸೊಸೆ ಮೊದಲ ವರ್ಷ ಅತ್ತೆಮನೆಯ ಲೆಕ್ಕ ಕೇಳಿಕೊಂಡೇ ಕೂರುತ್ತಿದ್ದಳು. ಇನ್ನು ಲಕ್ಷಬತ್ತಿಯ ಹರಕೆ ಹೊತ್ತವರ ಮಾತು ಕೇಳಬೇಕೆ? ಒಂದು ಲಕ್ಷ ಬತ್ತಿಯನ್ನು ಕೈಯಲ್ಲೇ ಹೊಸೆದು, ನೂರು ನೂರರ ಕಟ್ಟು ಮಾಡಿ, ತುಪ್ಪದಲ್ಲಿ ನೆನೆಸಿ ದೇವರ ಮುಂದೆ ಬೆಳಗಬೇಕು. ದಿನಕ್ಕೆ ಐನೂರು ಹೊಸೆದರೂ ಇನ್ನೂರು ದಿನದ ಕೆಲಸ. ಮನೆಮಂದಿ, ಅಕ್ಕಪಕ್ಕದವರು, ತವರಿನವರು ಎಲ್ಲ ಕೈ ಹಾಕಿದರೇ ಅದು ಮುಗಿಯುವುದು.

ಹತ್ತಿಯ ಹಾರ ನಮ್ಮಲ್ಲಿ ಮಾತ್ರ ಇರುವುದಲ್ಲ. ತಮಿಳರ ಮನೆಗಳಲ್ಲೂ ತೆಲುಗರ ಮನೆಗಳಲ್ಲೂ ಇದೆ, ಮರಾಠಿಗರಲ್ಲಿ ಅದರ ಹೆಸರೂ ಹೆಚ್ಚುಕಡಿಮೆ ಇದೇ. ಆದರೆ ಮೈಸೂರಿನ ಹೆಂಗಸರು ಅದನ್ನು ಒಂದು ಸಾಲಿಗೆ ಬಿಡಲಿಲ್ಲ. ಮಲ್ಲಿಗೆ ಮೊಗ್ಗಿನ ಹಾರ, ಗುಲಾಬಿಯ ಹಾರ, ಪದಕವಿಟ್ಟ ಹಾರ, ಕಳಶದ ಸುತ್ತ ನಿಲ್ಲುವ ಪ್ರಭಾವಳಿ, ಎಲ್ಲವೂ ಹತ್ತಿಯಲ್ಲೇ. ಅರಿಸಿನ ಕುಂಕುಮಗಳ ಬಣ್ಣ ಸಾಲದೆಂದು ಜರಿ ಎಳೆ ಬಂತು, ಆಮೇಲೆ ಚಮಕಿ, ಮಣಿ, ಬಣ್ಣದ ಕಾಗದ. ಇದರ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಜರಿಯ ಒಂದೆರಡು ಎಳೆ ಹತ್ತಿಯ ಬಿಳುಪನ್ನು ಎತ್ತಿ ತೋರಿಸುತ್ತದೆ. ಅದಕ್ಕಿಂತ ಹೆಚ್ಚಾದರೆ ಹತ್ತಿ ಮರೆಯಾಗಿ ಅಂಗಡಿಯ ಸಾಮಾನು ಮಾತ್ರ ಕಾಣುತ್ತದೆ. ಮೇಲಾಗಿ ಶುದ್ಧ ಹತ್ತಿಯ ವಸ್ತ್ರ ಗಣೇಶನ ಜೊತೆ ನೀರಿಗೆ ಹೋದರೆ ಕೊಳೆತು ಮಣ್ಣಾಗುತ್ತದೆ, ಪ್ಲಾಸ್ಟಿಕ್ ಮಣಿ ಕೆರೆಯ ತಳದಲ್ಲಿ ಹಾಗೇ ಕೂರುತ್ತದೆ.

ಯಾರೂ ಎಣಿಸದ ವಸ್ತುವಿನಲ್ಲಿ ಕುಸುರಿ ಕೆಲಸ ಮಾಡುವ ಈ ಬುದ್ಧಿ ಹತ್ತಿಗೇ ನಿಂತಿಲ್ಲ. ಅದೇ ಕೈಗಳು ಕೊಬ್ಬರಿ ಬಟ್ಟಲನ್ನೂ ಕೆತ್ತುತ್ತವೆ. ಮದುವೆ, ಸೀಮಂತಗಳ ಹೊತ್ತಿಗೆ ಹಸೆಯ ಮುಂದೆ ಜೋಡಿಸುವ ತಟ್ಟೆಗಳಲ್ಲಿ ಹಂಸ, ಕಮಲ, ಬಳ್ಳಿ ಕೆತ್ತಿದ ಕೊಬ್ಬರಿಗಳನ್ನು ನೋಡಿರುತ್ತೀರಿ. ಹಸಿ ತೆಂಗಿನಕಾಯಿಯಲ್ಲಿ ಇದು ಆಗದು, ಒಂದೇ ದಿನಕ್ಕೆ ಹಳಸುತ್ತದೆ. ತಿಪಟೂರಿನ ಕಡೆಯ ಉಂಡೆ ಕೊಬ್ಬರಿಯೇ ಬೇಕು. ಅಲ್ಲಿಯ ರೈತರು ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಸುಮಾರು ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಗೊಟಗೊಟ ಎನ್ನುತ್ತದೆ. ನೀರಿನಂಶ ನೂರಕ್ಕೆ ಆರೇಳಕ್ಕೆ ಇಳಿದು, ಎಣ್ಣೆಯಂಶ ಅರವತ್ತನ್ನು ದಾಟಿದ ಈ ಕೊಬ್ಬರಿ ಚಾಕುವಿಗೆ ಬಗ್ಗುತ್ತದೆ, ಬೇಗ ಸೀಳುವುದಿಲ್ಲ. ಕಂದು ಸಿಪ್ಪೆಯನ್ನು ಪೂರ್ತಿ ಹೆರೆದು ಬಿಳಿಯ ಮೇಲೆ ಬಣ್ಣ ತುಂಬುವುದು ಒಂದು ಕ್ರಮ. ಸಿಪ್ಪೆಯನ್ನು ಬೇಕಾದ ಕಡೆ ಮಾತ್ರ ತೆಗೆದು, ಕಂದಿನ ನಡುವೆ ಬಿಳಿ ಹೂವು ಮೂಡಿಸುವುದು ಇನ್ನೊಂದು. ಎರಡನೆಯದಕ್ಕೆ ಹೆಚ್ಚು ಕೈಚಳಕ ಬೇಕು, ನೋಡುವುದಕ್ಕೂ ಅದೇ ಚೆಂದ. ಬ್ಲೇಡಿನ ತುಂಡು, ಪುಟ್ಟ ಚಾಕು, ದಬ್ಬಳ ಇಷ್ಟೇ ಉಪಕರಣ.

ಸಂಕ್ರಾಂತಿಗೆ ಸಕ್ಕರೆಯ ಸರದಿ. ಮರದ ಜೋಡಿ ಅಚ್ಚುಗಳನ್ನು ನೀರಲ್ಲಿ ನೆನೆಸಿ, ಬಿಗಿಯಾಗಿ ಕಟ್ಟಿ, ಹಾಲು ಹಾಕಿ ಕೊಳೆ ತೆಗೆದ ಪಾಕವನ್ನು ಹೊಯ್ದರೆ ಗಿಣಿ, ಗೋಪುರ, ತುಳಸಿಕಟ್ಟೆಗಳು ಹೊರಬರುತ್ತವೆ. ಅಚ್ಚು ನೆನೆಯದಿದ್ದರೆ ಪಾಕ ಮರಕ್ಕೇ ಕಚ್ಚಿಕೊಳ್ಳುತ್ತದೆ. ಬಾಳೆಪಟ್ಟೆಗೆ ಹೊಲಿದ ಮೊಗ್ಗಿನ ಜಡೆಯದೂ ಇದೇ ವಂಶ, ಹಾವೇರಿಯ ಏಲಕ್ಕಿ ಹಾರದದೂ ಇದೇ.

ಮೈಸೂರಿನ ಕೈಕೆಲಸಗಳಿಗೆ ಗೌರವ ಸಿಕ್ಕಿಲ್ಲವೆನ್ನಲಾಗದು. ಮೈಸೂರು ರೇಷ್ಮೆ, ಬೀಟೆಮರದ ಕೆತ್ತು ಜೋಡಣೆ, ಮೈಸೂರು ಸಾಂಪ್ರದಾಯಿಕ ಚಿತ್ರಕಲೆ, ಗಂಜೀಫಾ ಎಲೆಗಳು, ಅಗರಬತ್ತಿ, ಮಲ್ಲಿಗೆ, ವೀಳ್ಯದೆಲೆ, ಇವೆಲ್ಲಕ್ಕೂ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಅರಮನೆಯ ಆಶ್ರಯವೋ ಪೇಟೆಯ ಬೆಂಬಲವೋ ಇತ್ತು, ಬಹುಪಾಲು ವಸ್ತುಗಳು ವರ್ಷಗಟ್ಟಲೆ ಉಳಿಯುವಂಥವು. ಗೆಜ್ಜೆವಸ್ತ್ರಕ್ಕೆ ಎರಡೂ ಇಲ್ಲ. ಪೂಜೆ ಮುಗಿದ ಮೇಲೆ ಅದು ನಿರ್ಮಾಲ್ಯ, ಮರದ ಬುಡಕ್ಕೋ ನೀರಿಗೋ ಹೋಗಬೇಕು. ಚೆನ್ನಾಗಿ ಬಂದಿದೆಯೆಂದು ಎತ್ತಿಡುವಂತಿಲ್ಲ. ಹಾಗಾಗಿ ಐವತ್ತು ವರ್ಷದ ಹಿಂದೆ ಒಬ್ಬರು ಮಾಡಿದ ಹಾರ ಹೇಗಿತ್ತೆಂದು ತೋರಿಸಲು ಯಾವ ಪೆಟ್ಟಿಗೆಯಲ್ಲೂ ಏನೂ ಸಿಗದು. ಮಾಡಿದವರ ಹೆಸರಂತೂ ಯಾರೂ ಬರೆದಿಡಲಿಲ್ಲ. ಇದನ್ನು ಬಿಡುವಿನ ವೇಳೆಯ ಕೆಲಸವೆಂದು ಕರೆದು ಬದಿಗಿಟ್ಟದ್ದು ಸರಿಯಲ್ಲ ಎಂಬುದು ನನ್ನ ಖಚಿತ ನಂಬಿಕೆ. ವಸ್ತುವಿನ ಗುಣ ತಿಳಿದು, ಹದ ಅರಿತು, ತಲೆಮಾರಿನಿಂದ ತಲೆಮಾರಿಗೆ ಕೈಯಿಂದ ಕೈಗೆ ಬಂದದ್ದನ್ನು ಕಸುಬು ಎನ್ನದೆ ಇನ್ನೇನೆನ್ನಬೇಕು?

ಈಗ ಶ್ರಾವಣ ಹತ್ತಿರವಾದಾಗ ದೇವರಾಜ ಮಾರುಕಟ್ಟೆಯ ಸುತ್ತಿನ ಅಂಗಡಿಗಳಲ್ಲಿ ಗೆಜ್ಜೆವಸ್ತ್ರದ ಪೊಟ್ಟಣಗಳು ತೂಗಾಡುತ್ತವೆ. ಅವುಗಳನ್ನೂ ಯಾವುದೋ ಮನೆಯಲ್ಲಿ ಕೂತ ಹೆಂಗಸರ ಕೈಗಳೇ ಮಾಡಿರುವುದು, ಕೊಂಡರೆ ಅವರಿಗೆ ನಾಲ್ಕು ಕಾಸು ಸೇರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಊರು ಬಿಟ್ಟು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋದ ಮಕ್ಕಳ ಪೆಟ್ಟಿಗೆಯಲ್ಲೂ ಹುಳಿಪುಡಿ, ಚಟ್ನಿಪುಡಿಯ ಜೊತೆ ಒಂದು ಕಟ್ಟು ಗೆಜ್ಜೆವಸ್ತ್ರ ಹೋಗುತ್ತದೆ. ಆದರೆ ಕೊಳ್ಳುವವರು ಹೆಚ್ಚಿ ಕಲಿಯುವವರು ಕಡಿಮೆಯಾದರೆ ಆ ಪೊಟ್ಟಣ ತುಂಬುವ ಕೈಗಳೂ ಇರುವುದಿಲ್ಲ.

ಶಾಲೆಯ ಕರಕುಶಲ ತರಗತಿಯಲ್ಲಿ ಥರ್ಮೋಕೋಲಿನ ಬದಲು ಒಂದು ಹಿಡಿ ಹತ್ತಿ ಕೊಡಿಸಲು ಅಡ್ಡಿಯೇನೂ ಇಲ್ಲ. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಇದ್ದರೆ ಅದಕ್ಕೂ ಕಾಯಬೇಕಿಲ್ಲ. ಈ ಸಲದ ಗೌರಿಹಬ್ಬಕ್ಕೆ ಮುಂಚಿನ ಭಾನುವಾರ ಅವರ ಪಕ್ಕದಲ್ಲಿ ಕೂತು ಹದಿನಾರು ಎಳೆ ಮಾಡುವುದನ್ನು ಕಲಿತುಕೊಳ್ಳಿ, ಹೆಣ್ಣುಮಕ್ಕಳ ಜೊತೆ ಗಂಡುಮಕ್ಕಳನ್ನೂ ಕೂರಿಸಿಕೊಳ್ಳಿ. ಅವರು ಹತ್ತಿ ಹೊಸೆಯುವ ಕೈಯ ಒಂದು ವಿಡಿಯೊ ತೆಗೆದು, ಜೊತೆಗೆ ಅವರ ಹೆಸರನ್ನೂ ಬರೆದಿಡಿ.