ಗೊಂಬೆಮನೆಗೊಂದು ಬಾಗಿದ ಸೂರು

ಒಲೆಯ ಮೇಲೆ ಅಗಲಬಾಯಿಯ ಪಾತ್ರೆಯಲ್ಲಿ ನೀರು ಮರಳುತ್ತಿತ್ತು. ಒಳಗೆ ಬೇಯುತ್ತಿದ್ದದ್ದು ಮರ. ಮೂರು ಇಂಚು ಅಗಲ, ಗೇಣುದ್ದ, ದಪ್ಪ ಬರೀ ಒಂದೂವರೆ ಮಿಲಿಮೀಟರ್. ಐದು ನಿಮಿಷವಾದ ಮೇಲೆ ಅಜ್ಜಿ ಅದನ್ನು ಇಕ್ಕಳದಲ್ಲಿ ಎತ್ತಿ, ನೀರು ಸೋರುತ್ತಿರುವಾಗಲೇ ಮೇಜಿನ ಮೇಲಿದ್ದ ಅಚ್ಚಿನ ಕೆಳಹೋಳಿನ ಮೇಲೆ ಹಾಸಿ, ಮೇಲ್ಹೋಳನ್ನು ನಿಧಾನಕ್ಕೆ ಒತ್ತಿದರು. ನಡುವೆ ಉಬ್ಬಿ, ಎರಡೂ ತುದಿಯಲ್ಲಿ ಇಳಿದು ಮಟ್ಟವಾಗುವ ಅಲೆಯ ಆಕಾರದ ಅಚ್ಚು ಅದು. ಹಲಗೆ ಸದ್ದಿಲ್ಲದೆ ಮಣಿಯಿತು. ಕ್ಲಾಂಪ್ ಬಿಗಿದು ಕೈ ಒರೆಸಿಕೊಂಡ ಅಜ್ಜಿ, ಇನ್ನು ಎರಡು ದಿನ ಇದನ್ನು ಮುಟ್ಟುವ ಹಾಗಿಲ್ಲ ಎಂದರು.

ಇದು ನಾನು ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಕ್ವಿನ್ಜಿ ಊರಿನಲ್ಲಿ, ಅಕ್ಕನ ನೆರೆಮನೆಯಲ್ಲಿ ಕಂಡದ್ದು. ಅಜ್ಜಿ ಕಟ್ಟುತ್ತಿದ್ದದ್ದು ಗೊಂಬೆಮನೆ. ಆ ಅಲೆಯಾಕಾರದ ತುಂಡು ಅದರ ಸೂರಿನ ಮೇಲೆ ಕೂರಬೇಕಾದ ಪುಟ್ಟ ಕಿಟಕಿಯ ಛಾವಣಿ. ಅದೇ ಊರಿನಲ್ಲಿ ಥಾಮಸ್ ಕ್ರೇನ್ ಸಾರ್ವಜನಿಕ ಗ್ರಂಥಾಲಯವಿದೆ. ವಾಸ್ತುಶಿಲ್ಪಿ ಎಚ್. ಎಚ್. ರಿಚರ್ಡ್‌ಸನ್ 1882ರಲ್ಲಿ ಕಟ್ಟಿ ಮುಗಿಸಿದ ಗ್ರಾನೈಟ್ ಕಟ್ಟಡ. ಅದರ ಇಳಿಜಾರು ಛಾವಣಿಯಲ್ಲಿ, ನಿದ್ದೆಗಣ್ಣು ಅರೆ ತೆರೆದ ಹಾಗೆ, ಕಿಟಕಿಗಳು ಮೆಲ್ಲನೆ ಉಬ್ಬಿಕೊಂಡಿವೆ. ಹೆಂಚಿನ ಸಾಲು ಎಲ್ಲೂ ಕಡಿಯದೆ ಕಣ್ಣಿನ ಮೇಲೆ ಹತ್ತಿ ಇಳಿಯುತ್ತದೆ. ಇಂಗ್ಲಿಷಿನವರು ಇದನ್ನು ಹುಬ್ಬಿಗೆ ಹೋಲಿಸಿ ಕರೆಯುತ್ತಾರೆ. ನನಗೆ ಅದು ರೆಪ್ಪೆಯಂತೆಯೇ ಕಂಡಿತು. ಮರುದಿನ ಬೆಳಿಗ್ಗೆ ಆ ಕಟ್ಟಡದ ಎದುರು ನಿಂತಾಗ, ಅಜ್ಜಿ ಯಾಕೆ ಒಂದು ಗೇಣು ಹಲಗೆಗೆ ಅಷ್ಟು ಪಾಡು ಪಡುತ್ತಿದ್ದಾರೆ ಎಂಬುದು ಅರ್ಥವಾಯಿತು.

ಗೊಂಬೆಮನೆ ಎಂದ ಕೂಡಲೇ ನಮಗೆ ಮಕ್ಕಳ ಆಟದ ಸಾಮಾನು ನೆನಪಾಗುತ್ತದೆ. ಯುರೋಪಿನಲ್ಲಿ ಅದು ಮೊದಲಿಗೆ ದೊಡ್ಡವರ ಹವ್ಯಾಸ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬ ಸಿರಿವಂತ ಗೃಹಿಣಿ ಹದಿನೇಳನೇ ಶತಮಾನದ ಕೊನೆಗೆ ಮಾಡಿಸಿಕೊಂಡ ಬೀರುವಿನಂಥ ಗೊಂಬೆಮನೆ ಈಗಲೂ ಇದೆ. ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿರುವ ರಾಣಿ ಮೇರಿಯ ಗೊಂಬೆಮನೆಯನ್ನು 1921ರಿಂದ 1924ರವರೆಗೆ ಸುಮಾರು 1,500 ಕಲಾವಿದರು, ಕುಶಲಕರ್ಮಿಗಳು ಸೇರಿ ಸಿದ್ಧಮಾಡಿದರು. ಅದರ ನಕ್ಷೆ ಹಾಕಿದವರು ಎಡ್ವಿನ್ ಲಚೆನ್ಸ್, ಆ ದಿನಗಳಲ್ಲೇ ಹೊಸದಿಲ್ಲಿಯನ್ನೂ ಕಟ್ಟಿಸುತ್ತಿದ್ದವರು. ನಲ್ಲಿಯಲ್ಲಿ ನೀರು ಬರುವ, ದೀಪ ಉರಿಯುವ ಆ ಮನೆಯ ಅಳತೆ ಹನ್ನೆರಡಕ್ಕೊಂದು: ನಿಜವಾದ ಮನೆಯಲ್ಲಿ ಒಂದು ಅಡಿ ಇರುವುದು ಇಲ್ಲಿ ಒಂದು ಇಂಚು. ಇವತ್ತಿಗೂ ಈ ಕಸುಬಿನವರು ಹೆಚ್ಚಾಗಿ ಬಳಸುವುದು ಇದೇ ಅಳತೆಯನ್ನು.

ಮನೆ ಹನ್ನೆರಡು ಪಾಲು ಕುಗ್ಗುತ್ತದೆ, ಆದರೆ ಮರ ಕುಗ್ಗುವುದಿಲ್ಲ. ಈ ಕಸುಬಿನ ಕಷ್ಟವೆಲ್ಲ ಇಲ್ಲಿಂದಲೇ ಶುರು. ಹಲಗೆಯನ್ನು ಎಷ್ಟು ತೆಳುವಾಗಿ ಸೀಳಿದರೂ ಅದರ ನಾರಿನ ಎಳೆ ಮೊದಲಿದ್ದಷ್ಟೇ ದಪ್ಪ. ತೇಗದ ಚೆಲುವಾದ ಗೆರೆಗಳು ಗೊಂಬೆಮನೆಯ ಬಾಗಿಲಿನ ಮೇಲೆ ಹಗ್ಗದಂತೆ ಕಾಣುತ್ತವೆ. ಅದಕ್ಕೇ ಅಮೆರಿಕದ ಗೊಂಬೆಮನೆಯವರು ಬಾಸ್‌ವುಡ್ ಹಿಡಿಯುತ್ತಾರೆ. ಬೆಳ್ಳಗೆ, ಮೆದುವಾಗಿ, ಗೆರೆಯೇ ಕಾಣದಷ್ಟು ನಯವಾಗಿರುವ ಮರ. ಚನ್ನಪಟ್ಟಣದ ಗೊಂಬೆಯವರು ಹಾಲೆ ಮರವನ್ನು ನೆಚ್ಚಿಕೊಂಡಿರುವುದೂ ಇಂಥದೇ ಗುಣಕ್ಕೆ.

ಬಾಗಿಸುವುದರಲ್ಲೂ ಚಿಕ್ಕದೆಂಬ ರಿಯಾಯಿತಿ ಇಲ್ಲ. ತೆಳು ಹಲಗೆ ಸಲೀಸಾಗಿ ಬಗ್ಗುತ್ತದೆ, ನಿಜ. ಆದರೆ ಗೊಂಬೆಮನೆಯಲ್ಲಿ ಹಲಗೆ ತೆಳುವಾದಷ್ಟೇ ಬಾಗೂ ಕಿರಿದಾಗುತ್ತದೆ. ಮೊಣಕಾಲುದ್ದದ ಗೋಪುರಕ್ಕೆ ಹಾಸುವ ಹಲಗೆಯ ನಾರು ಅನುಭವಿಸುವ ಎಳೆತ, ದೊಡ್ಡ ಗೋಪುರದ ದಪ್ಪ ಹಲಗೆ ಅನುಭವಿಸುವಷ್ಟೇ. ಒಣಮರ ನೂರಕ್ಕೆ ಒಂದು ಪಾಲಿನ ಆಸುಪಾಸು ಹಿಗ್ಗುವಷ್ಟರಲ್ಲಿ ಮುರಿಯುತ್ತದೆ. ಒಂದೂವರೆ ಮಿಲಿಮೀಟರ್ ಹಲಗೆಯನ್ನು ಹದಿನೈದು ಸೆಂಟಿಮೀಟರ್ ಅಡ್ಡಳತೆಯ ಡಬ್ಬಕ್ಕೆ ಸುತ್ತಿದರೆ ಹೊರಮೈ ಹಿಗ್ಗಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ. ಅಜ್ಜಿ ನನ್ನ ಕೈಗೆ ಒಣ ತುಂಡೊಂದನ್ನು ಕೊಟ್ಟು ಬಗ್ಗಿಸಲು ಹೇಳಿದರು. ಮೊದಲು ಹೊರಮೈಯಲ್ಲಿ ಕೂದಲಿನಂಥ ಸೀಳು ಎದ್ದಿತು, ಮರುಕ್ಷಣ ಪಟ್ಟೆಂದಿತು. ಮುರಿದ ಕಡೆ ನಾರು ಬ್ರಷ್ಷಿನ ಹಾಗೆ ಕೆದರಿತ್ತು.

ಬಿಸಿನೀರು ಮಾಡುವ ಕೆಲಸವೇನು? ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಲಿಗ್ನಿನ್ ಎಂಬ ವಸ್ತು. ತೇವವೂ ಕಾವೂ ಸೇರಿದರೆ, ನೀರು ಕುದಿಯುವ ಬಿಸಿಯ ಹತ್ತಿರದಲ್ಲಿ, ಅದು ಮೆದುವಾಗುತ್ತದೆ. ಆಗ ನಾರುಗಳು ಒಂದರ ಪಕ್ಕ ಒಂದು ಜರುಗಬಲ್ಲವು. ತಣಿದು ಒಣಗಿದಾಗ ಹೊಸ ಜಾಗದಲ್ಲೇ ಗಟ್ಟಿಯಾಗುತ್ತವೆ. ಆದರೆ ಬೆಂದ ಮರವೂ ಹಿಗ್ಗುವುದರಲ್ಲಿ ಜಿಪುಣವೇ, ನೂರಕ್ಕೆ ಒಂದೆರಡು ಪಾಲಷ್ಟೇ. ಅದು ಉದಾರವಾಗುವುದು ಕುಗ್ಗುವುದರಲ್ಲಿ: ಒಳ್ಳೆಯ ಜಾತಿಯ ಮರ ನೂರಕ್ಕೆ ಇಪ್ಪತ್ತೈದರಷ್ಟೂ ತನ್ನೊಳಗೇ ಅಮುಕಿಕೊಳ್ಳಬಲ್ಲದು. ಹಾಗಾಗಿ ಬಾಗಿಸುವುದೆಂದರೆ ಹೊರಮೈಯನ್ನು ಎಳೆಯುವುದಲ್ಲ, ಒಳಮೈಯನ್ನು ಅಮುಕುವುದು.

ಇದನ್ನು ಜಗತ್ತಿಗೆ ತೋರಿಸಿಕೊಟ್ಟವನು ಮೈಕೆಲ್ ತೋನೆಟ್. ಜರ್ಮನಿಯ ಬೊಪಾರ್ಡ್‌ನಲ್ಲಿ 1796ರಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಹೆಸರಾದ ಬಡಗಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆ ಅವನ ಕಾರ್ಖಾನೆಯಲ್ಲಿ ನಿಲ್ಲುತ್ತಿರಲಿಲ್ಲ. ಹಬೆಯಲ್ಲಿ ಬೆಂದ ಬೀಚ್ ಮರದ ಕೋಲಿನ ಹೊರಮೈಗೆ ಅವನು ಉಕ್ಕಿನ ಪಟ್ಟಿ ಬಿಗಿದ. ಪಟ್ಟಿ ಹಿಗ್ಗದು, ಆದ್ದರಿಂದ ಹೊರಮೈಯೂ ಹಿಗ್ಗದು, ಬಾಗೆಲ್ಲ ಒಳಮೈಯ ಕುಗ್ಗಿನಿಂದಲೇ ಬರಬೇಕು. 1859ರಲ್ಲಿ ಬಂದ ಅವನ 14ನೇ ನಂಬರಿನ ಕುರ್ಚಿಗೆ ಬೇಕಾದದ್ದು ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು. ಬಿಡಿ ತುಂಡುಗಳಾಗಿ ಮೂವತ್ತಾರು ಕುರ್ಚಿಗಳು ಒಂದು ಘನಮೀಟರ್ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು. ಗೊಂಬೆಮನೆಯವರಿಗೆ ಉಕ್ಕಿನ ಪಟ್ಟಿ ಬೇಕಿಲ್ಲ. ಅಜ್ಜಿ ಡಬ್ಬಕ್ಕೆ ಹಲಗೆ ಸುತ್ತುವಾಗ ಮೇಲೆ ಬಿಗಿಯುವುದು ಉಳುಕಿದ ಕಾಲಿಗೆ ಕಟ್ಟುವ ಕ್ರೇಪ್ ಬ್ಯಾಂಡೇಜನ್ನು. ಅದು ಇಡೀ ಮೈಯನ್ನು ಒಂದೇ ಸಮ ಹಿಡಿದುಕೊಳ್ಳುತ್ತದೆ, ನೀರನ್ನೂ ಆರಲು ಬಿಡುತ್ತದೆ. ಕಬ್ಬಿಣದ ಕ್ಲಿಪ್ಪು ಒದ್ದೆ ಮರದ ಮೇಲೆ ಕರಿ ಕಲೆ ಬಿಡುತ್ತದೆಂದು ಅವರು ಅದನ್ನು ಹತ್ತಿರ ಸೇರಿಸುವುದಿಲ್ಲ.

ನೀರಿಗೆ ಅಮೋನಿಯಾ ಬೆರೆಸಿದರೆ ಮರ ಬೇಗ ಮಣಿಯುತ್ತದೆ ಎಂದು ನಂಬುವವರು ಬಹಳ. ಮರವನ್ನು ದ್ರವ ಅಮೋನಿಯಾದಲ್ಲಿ ಮೆದು ಮಾಡುವ ಪ್ರಯೋಗ ನಡೆದದ್ದು ಹೌದು, ಆದರೆ ಅದು ಪ್ರಯೋಗಶಾಲೆಯ ಕೆಲಸ. ಅಂಗಡಿಯಲ್ಲಿ ಸಿಗುವ ಬಾಟಲಿಯಲ್ಲಿ ಇರುವುದು ಬಹುಪಾಲು ನೀರೇ. ನಾನು ಕಂಡಂತೆ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದು ಬಿಸಿನೀರು. ಕಣ್ಣು ಉರಿಸಿಕೊಳ್ಳುವ ಅಗತ್ಯವಿಲ್ಲ.

ಹೊಸಬರು ಎಡವುವುದು ಎಳೆಯ ದಿಕ್ಕಿನಲ್ಲಿ. ಬಾಗು ಯಾವ ಕಡೆ ಓಡುತ್ತದೋ ಎಳೆಯೂ ಆ ಕಡೆಗೇ ಓಡಿದರೆ ಮರ ಹಟ ಮಾಡುತ್ತದೆ, ಆದರೆ ಒಮ್ಮೆ ಕೂತರೆ ಗಟ್ಟಿ. ಎಳೆಯನ್ನು ಅಡ್ಡಕ್ಕಿಟ್ಟರೆ ಬೇಯಿಸದೆಯೂ ಕಾಗದದಂತೆ ಸುರುಳಿಯಾಗುತ್ತದೆ, ಆದರೆ ಉಗುರು ತಾಗಿದರೂ ಎಳೆಗುಂಟ ಸೀಳುತ್ತದೆ. ಕಿಟಕಿಯ ಮೇಲಿನ ಕಿರಿದಾದ ಪಟ್ಟಿಗೆ ಮೊದಲನೆಯದು ಸರಿ. ಪೀಪಾಯಿಯ ಬೆನ್ನಿನಂಥ ಅಗಲವಾದ ಸೂರಿಗೆ ಎರಡನೆಯದು ಸಾಕು, ಕೆಳಗೆ ಕಮಾನಿನ ಆಸರೆಗಳಿದ್ದರೆ. ಹಿಂಬದಿಯಲ್ಲಿ ಗರಗಸದಿಂದ ಗೀರು ಹಾಕಿ ಬಗ್ಗಿಸುವ ದಾರಿಯೂ ಉಂಟು. ಮುಂಬದಿ ಪಟ್ಟೆಪಟ್ಟೆಯಾಗಿ ಮುರಿದಂತೆ ಕಾಣುವುದರಿಂದ ನನಗೆ ಅದು ಹಿಡಿಸಲಿಲ್ಲ. ಗುಮ್ಮಟಕ್ಕಂತೂ ಇವು ಯಾವುದೂ ಒದಗುವುದಿಲ್ಲ. ಹಲಗೆ ಏಕಕಾಲಕ್ಕೆ ಎರಡು ದಿಕ್ಕಿಗೆ ಬಾಗದು. ಅಡ್ಡಕ್ಕೆ ಕೊಯ್ದ ಕಿತ್ತಳೆ ತೊಳೆಯ ಸಿಪ್ಪೆಯಂತೆ ಬುಡ ಅಗಲ, ತುದಿ ಚೂಪಾದ ಹೋಳುಗಳನ್ನು ಕತ್ತರಿಸಿ, ಒಂದೊಂದನ್ನೂ ಬೇರೆಬೇರೆ ಬಾಗಿಸಿ, ಅಂಚಿಗೆ ಅಂಚು ಕೂಡಿಸಬೇಕು.

ಎಷ್ಟೇ ಬಿಗಿದರೂ ಅಚ್ಚಿನಿಂದ ತೆಗೆದ ಮರ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಅಚ್ಚನ್ನು ಬೇಕಾದುದಕ್ಕಿಂತ ತುಸು ಬಿಗಿಯಾಗಿ ಮಾಡುವುದು ರೂಢಿ. ಇದಕ್ಕಿಂತ ನೆಚ್ಚಿಕೆಯ ಉಪಾಯವೆಂದರೆ ಪದರ. ನೋಟ್‌ಬುಕ್ಕನ್ನು ಬಗ್ಗಿಸಿ ನೋಡಿ: ಹಾಳೆಗಳು ಒಂದರ ಮೇಲೊಂದು ಜಾರಿ ಅಂಚು ಓರೆಯಾಗುತ್ತದೆ. ಆ ಸ್ಥಿತಿಯಲ್ಲೇ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡರೆ ಮತ್ತೆ ಚಪ್ಪಟೆಯಾಗಲು ದಾರಿಯಿಲ್ಲ. ವಿನೀರ್ ಎಂಬ ತೆಳು ಮರದ ಹಾಳೆಗಳ ನಡುವೆ ಗೋಂದು ಸವರಿ ಅಚ್ಚಿನ ಮೇಲೆ ಒಣಗಿಸಿದಾಗ ಆಗುವುದು ಇದೇ. ಪದರ ಹೆಚ್ಚಿದಷ್ಟೂ ಬಿಚ್ಚಿಕೊಳ್ಳುವುದು ಕಡಿಮೆ.

ಬೆಂಗಳೂರಿಗೆ ಬಂದ ಮೇಲೆ ನಾನು ಹಿಡಿದದ್ದು ಈ ದಾರಿಯನ್ನೇ. ಪ್ಲೈವುಡ್ ಅಂಗಡಿಯಲ್ಲಿ ಉಳಿಕೆ ಬಿದ್ದಿದ್ದ ವಿನೀರ್ ಚೂರುಗಳು, ಫೆವಿಕಾಲ್, ಹಾರ್ಲಿಕ್ಸ್ ಬಾಟಲಿ. ನವರಾತ್ರಿಗೆ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಲ್ಲಿ ನಮ್ಮಮ್ಮ ಪಾರ್ಕು, ಕೊಳ, ಬೀದಿ ಮಾಡುತ್ತಿದ್ದರು. ಆ ಬೀದಿಗೊಂದು ಬಾಗಿದ ಸೂರಿನ ಮನೆ ಕಟ್ಟಬೇಕೆಂಬ ಆಸೆ. ಮೊದಲ ತುಂಡು ಅಂಚಿನಲ್ಲಿ ಸೀಳಿತು. ವಿನೀರನ್ನು ನಾನು ನೆನೆಸಿರಲಿಲ್ಲ. ಎರಡನೆಯದನ್ನು ಬಿಸಿನೀರಲ್ಲಿ ಅದ್ದಿ, ಬಾಟಲಿಗೆ ಸುತ್ತಿ, ಆರಿಸಿ, ಆಮೇಲೆ ಗೋಂದು ಹಚ್ಚಿ, ಅಜ್ಜಿಯ ಹಾಗೆ ಮೇಲೆ ಬ್ಯಾಂಡೇಜು ಬಿಗಿದೆ. ಮೂರು ಪದರ, ನಡುವಿನದು ಎಳೆ ಅಡ್ಡಕ್ಕೆ.

ಮೇದರ ಬೀದಿಯಲ್ಲಿ ಮೊರ ಮಾಡುವವರು ಬಿದಿರಿನ ದಬ್ಬೆಯನ್ನು ಬಗ್ಗಿಸಿ ಅಂಚು ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಕೈಯ ಆ ಒತ್ತಡವನ್ನು ಮಾತ್ರ ಗಮನಿಸಿರಲಿಲ್ಲ. ಈಗ ನಿಂತು ನೋಡುತ್ತೇನೆ. ದಬ್ಬೆಯ ಸಿಪ್ಪೆ ಹೊರಗೆ, ಮೆದು ತಿರುಳು ಒಳಗೆ. ಗಟ್ಟಿ ನಾರು ದಟ್ಟವಾಗಿರುವ ಕಡೆಗೆ ಎಳೆತ, ಮೆತ್ತಗಿರುವ ಕಡೆಗೆ ಅಮುಕು. ಹೆಬ್ಬೆರಳು ಒಂದು ಜಾಗದಲ್ಲಿ ನಿಲ್ಲದೆ ದಬ್ಬೆಯುದ್ದಕ್ಕೂ ಸರಿಯುತ್ತಾ ಹೋಗುತ್ತದೆ.

ಮೂರನೆಯ ದಿನ ಬ್ಯಾಂಡೇಜು ಬಿಚ್ಚಿದೆ. ತುಂಡು ಬಾಟಲಿಯಿಂದ ಒಂದು ಕೂದಲೆಳೆಯಷ್ಟು ದೂರ ನಿಂತಿತ್ತು. ಅಂಚನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ರಟ್ಟಿನ ಗೋಡೆಗಳ ಮೇಲೆ ಇಟ್ಟು, ಒಳಗೆ ಒಂದು ಪುಟ್ಟ ದೀಪ ಹಚ್ಚಿ ನೋಡಿದೆ. ಸೂರಿನ ಕೆಳಗೆ ಎಲ್ಲೂ ಬೆಳಕಿನ ಗೆರೆ ಕಾಣಲಿಲ್ಲ.