ಸಂದೇಶಗಳ ಅಂಚೆಮನೆ

ಹಾಸನದ ಸಮೀಪದ ಕೊರವಂಗಲದಲ್ಲಿ ಒಂದು ತೆಂಗಿನ ತೋಟವಿದೆಯೆಂದು ಭಾವಿಸೋಣ. ಅದರ ಕೊಳವೆಬಾವಿಗೆ ವಿದ್ಯುತ್ತು ಬರುವುದು ನಡುರಾತ್ರಿಯಲ್ಲಿ. ನೀರು ತಳ ಕಂಡರೆ ಮೋಟಾರನ್ನು ಒಡನೆ ನಿಲ್ಲಿಸಬೇಕು. ನೀರಿಲ್ಲದೆ ಓಡಿದ ಪಂಪು ಕೆಟ್ಟುಹೋಗುವುದು. ಕತ್ತಲೆಯಲ್ಲಿ ತೋಟಕ್ಕೆ ನಡೆಯದೆ, ಮನೆಯಿಂದಲೇ ಫೋನಿನಲ್ಲಿ ‘ನಿಲ್ಲು’ ಎಂದು ಆಜ್ಞಾಪಿಸುವುದು ಇಂದು ಸಾಧ್ಯ. ಆ ಮಾತು ಪಂಪನ್ನು ಮುಟ್ಟುವ ಬಗೆ ಯಾವುದು?

ಫೋನೂ ಪಂಪೂ ನೇರವಾಗಿ ಮಾತನಾಡಬೇಕಿಲ್ಲ. ಎರಡರ ನಡುವೆ ಒಂದು ಕಂಪ್ಯೂಟರಿನಲ್ಲಿ ‘ಬ್ರೋಕರ್’ ಎಂಬ ಪ್ರೋಗ್ರಾಮು ಅಂಚೆಮನೆಯಂತೆ ಕೆಲಸ ಮಾಡುತ್ತದೆ. ಪ್ರತಿ ಸಂದೇಶದ ಮೇಲೂ ‘ಕೊರವಂಗಲ/ತೋಟ/ಪಂಪು’ ಎಂಬಂತಹ ಒಂದು ತಲೆಬರಹವಿರುತ್ತದೆ. ಆ ತಲೆಬರಹವನ್ನು ಬೇಡಿದವರಿಗೆಲ್ಲ ಬ್ರೋಕರು ಒಂದೊಂದು ಪ್ರತಿಯನ್ನು ಕಳುಹುತ್ತದೆ. ಕಳುಹಿದವನಿಗೆ ಪಡೆಯುವವರ ಪರಿಚಯವೇ ಬೇಡ.

ಇಂತಹ ವ್ಯವಹಾರಕ್ಕೆ ಬಳಕೆಯಲ್ಲಿರುವ ‘ಎಂಕ್ಯೂಟಿಟಿ’ ಎಂಬ ನಿಯಮಾವಳಿಯನ್ನು ೧೯೯೯ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬುವರು ರಚಿಸಿದರು. ತೈಲದ ಕೊಳವೆಮಾರ್ಗಗಳ ವರದಿಯನ್ನು ಉಪಗ್ರಹದ ಮೂಲಕ ತರಿಸುವುದು ಅವರ ಉದ್ದೇಶ. ಉಪಗ್ರಹದ ದಾರಿ ದುಬಾರಿಯಾದುದರಿಂದ ಸಂದೇಶದ ಶಿರೋಭಾಗವನ್ನು ೨ ಬೈಟುಗಳಷ್ಟಕ್ಕೆ ಇಳಿಸಿದರು. ಮೊದಲನೆಯ ಬೈಟು ಸಂದೇಶದ ಜಾತಿಯನ್ನು ಹೇಳಿದರೆ, ಎರಡನೆಯದು ಮುಂದಿನ ಭಾಗದ ಉದ್ದವನ್ನು ತಿಳಿಸುತ್ತದೆ. ಉದ್ದವು ೧೨೭ನ್ನು ಮೀರಿದಾಗ ಮಾತ್ರ ಇನ್ನಷ್ಟು ಬೈಟುಗಳು ಬೇಕಾಗುತ್ತವೆ.

ಬ್ರೋಕರನ್ನು ಕಟ್ಟುವವರಿಗೆ ಎದುರಾಗುವ ಕಷ್ಟ ಬೇರೆ. ಒಂದೇ ಸಂದೇಶವನ್ನು ಐವರಿಗೆ ಕಳುಹುವಾಗ, ಅದು ಸ್ಮೃತಿಯಲ್ಲಿ ಹಿಡಿದ ಜಾಗವನ್ನು ಎಂದು ತೆರವು ಮಾಡಬೇಕು? ಬೇಗ ಮಾಡಿದರೆ ಐದನೆಯವನಿಗೆ ಕಸ ತಲುಪೀತು. ಮಾಡದೆಯೇ ಹೋದರೆ ತಿಂಗಳುಗಟ್ಟಲೆ ಓಡುವ ಪ್ರೋಗ್ರಾಮಿನ ಸ್ಮೃತಿ ತುಂಬಿಹೋದೀತು. ಸಿ ಭಾಷೆಯಲ್ಲಿ ಈ ಎಚ್ಚರಿಕೆಯೆಲ್ಲ ಬರೆಯುವವನದೇ. ೨೦೧೫ರಲ್ಲಿ ಮೊದಲ ಸ್ಥಿರ ರೂಪ ಪಡೆದ ರಸ್ಟ್ ಭಾಷೆಯಲ್ಲಿ ಪ್ರತಿ ದತ್ತಾಂಶಕ್ಕೂ ಒಬ್ಬ ಒಡೆಯನಿರಬೇಕು. ಹಲವರು ಹಂಚಿಕೊಂಡರೆ, ಹಿಡಿದವರ ಸಂಖ್ಯೆಯನ್ನು ಎಣಿಸಿ, ಕಡೆಯವನು ಬಿಟ್ಟಾಗ ಜಾಗ ತೆರವಾಗುವಂತೆ ಬರೆಯಬಹುದು. ಒಡೆತನದ ನಿಯಮ ತಪ್ಪಿದರೆ ಪ್ರೋಗ್ರಾಮು ಓಡುವ ಮುನ್ನವೇ ಕಂಪೈಲರು ತಡೆಯುತ್ತದೆ. ಬೆಂಗಳೂರಿನ ಬೈಟ್‌ಬೀಮ್ ಸಂಸ್ಥೆಯು ಈ ಭಾಷೆಯಲ್ಲಿ ‘ರಮ್‌ಕ್ಯೂಟಿಟಿಡಿ’ ಎಂಬ ಹಗುರವಾದ ಬ್ರೋಕರನ್ನು ಕಟ್ಟಿ, ಅದರ ಮೂಲಬರಹವನ್ನು ಎಲ್ಲರಿಗೂ ತೆರೆದಿಟ್ಟಿದೆ.

ಆದರೆ ಭಾಷೆಯು ನಮಗಾಗಿ ಆಲೋಚಿಸುವುದಿಲ್ಲ. ಎಂಕ್ಯೂಟಿಟಿಯಲ್ಲಿ ಮೂರು ದರ್ಜೆಯ ರವಾನೆಗಳಿವೆ. ಮೊದಲನೆಯದರಲ್ಲಿ ಸಂದೇಶವನ್ನು ಒಮ್ಮೆ ಕಳುಹಿ ಮರೆಯುವುದು. ಎರಡನೆಯದರಲ್ಲಿ ರಸೀತಿ ಬರಬೇಕು. ಅದಕ್ಕೆ ಮುನ್ನ ಸಂಪರ್ಕ ಕಡಿದರೆ, ಮತ್ತೆ ಕೂಡಿದಾಗ ಅದೇ ಸಂದೇಶವನ್ನು ಕಳುಹುವುದು. ಮೂರನೆಯದರಲ್ಲಿ ಒಂದು ಸಂದೇಶಕ್ಕಾಗಿ ೪ ಸಲ ಓಲೆಗಳು ಓಡಾಡಿ, ಅದು ಒಮ್ಮೆ ಮಾತ್ರ ಸಲ್ಲುವುದನ್ನು ಖಚಿತಪಡಿಸುತ್ತವೆ.

ನಾವು ಅಗ್ಗವಾದ ಎರಡನೆಯದನ್ನು ಆರಿಸಿದೆವೆನ್ನಿ. ಪಂಪು ‘ನಿಲ್ಲು’ ಎಂಬುದನ್ನು ಪಾಲಿಸಿತು, ಆದರೆ ರಸೀತಿ ದಾರಿಯಲ್ಲಿ ಕಳೆಯಿತು. ಆಜ್ಞೆ ಎರಡನೆಯ ಸಲ ಬಂದಿತು. ನಿಂತ ಪಂಪು ನಿಂತೇ ಇರುತ್ತದೆ, ಹಾನಿಯಿಲ್ಲ. ಅದರ ಬದಲು ‘ಈಗಿನ ಸ್ಥಿತಿಯನ್ನು ತಿರುಗಿಸು’ ಎಂದು ಆಜ್ಞೆಯನ್ನು ಬರೆದಿದ್ದರೆ? ಮೊದಲ ಸಲ ನಿಂತ ಮೋಟಾರು ಎರಡನೆಯ ಸಲಕ್ಕೆ ಮತ್ತೆ ಓಡತೊಡಗುವುದು. ಮನೆಯವರು ನಿದ್ರಿಸುತ್ತಿರುವಾಗ ಬತ್ತಿದ ಬಾವಿಯಲ್ಲಿ ಪಂಪು ಸುಡುವುದು. ಬ್ರೋಕರಿನಲ್ಲಿ ದೋಷವಿಲ್ಲ, ಕಂಪೈಲರೂ ಆಕ್ಷೇಪಿಸಲಿಲ್ಲ. ತಪ್ಪಿದ್ದುದು ನಾವು ಆರಿಸಿದ ಒಂದು ಮಾತಿನಲ್ಲಿ.