ಕರದಂಟಿಗೆ ‘ಪ್ರೀಮಿಯಂ’ ಪಟ್ಟ

ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ನೋಡಿ ಕೊಣ್ಣೂರ ದಾಟಿ ಊರಿಗೆ ಹೊರಟವರು ಬರಿಗೈಲಿ ಹೋಗುವುದು ಕಡಿಮೆ. ಕರದಂಟಿನ ಅಂಗಡಿಯಲ್ಲಿ ಮೊದಲು ಬರುವ ಪ್ರಶ್ನೆ, ‘ಸಾದಾ ಕೊಡ್ಲೇನ್ರಿ, ಸ್ಪೆಷಲ್ ಕೊಡ್ಲೇನ್ರಿ?’ ಮನೆ ಮಂದಿಗಾದರೆ ಸಾದಾ ಸಾಕು. ಬೀಗರ ಮನೆಗೆ ಅಂದರೆ ಕಣ್ಣು ಮೇಲಿನ ಸಾಲಿನ ಡಬ್ಬಿಗೇ ಹೋಗುತ್ತದೆ. ಅಲ್ಲಿ ರುಚಿಗಿಂತ ಮರ್ಯಾದೆಯ ಲೆಕ್ಕ ದೊಡ್ಡದು. ಅಗ್ಗದ್ದು ಒಯ್ದರೆ ಆಡಿಕೊಳ್ಳುವವರಿಗೇನು ಬರವೇ?

ಎರಡೂ ಡಬ್ಬಿಯಲ್ಲಿ ತುಪ್ಪದಲ್ಲಿ ಕರಿದು ಅರಳಿಸಿದ ಅಂಟು, ಬೆಲ್ಲದ ಪಾಕ, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಏಲಕ್ಕಿ ಇರುತ್ತವೆ. ಗೋಡಂಬಿ, ಬಾದಾಮಿ, ಅಂಜೂರದ ಪಾಲು ಏರಿ ಬೆಲ್ಲ–ಕೊಬ್ಬರಿಯ ಪಾಲು ಇಳಿದಂತೆ ದರ ಮೇಲೇರುತ್ತದೆ. ಜತೆಗೆ ಬಣ್ಣದ ಡಬ್ಬಿ, ಮಿರುಗುವ ಅಕ್ಷರದ ಖರ್ಚೂ ಸೇರುತ್ತದೆ. ತೀರಾ ದುಬಾರಿ ಡಬ್ಬಿ ಹೆಚ್ಚು ಖಾಲಿಯಾಗದಿದ್ದರೂ ಅಂಗಡಿಗೆ ನಷ್ಟವಿಲ್ಲ. ಅದರ ಪಕ್ಕದಲ್ಲಿ ನಡುವಿನ ದರದ್ದು ‘ಅಷ್ಟೇನೂ ತುಟ್ಟಿ ಅಲ್ಲ’ ಅನಿಸಿ ಬೇಗ ಮಾರಾಟವಾಗುತ್ತದೆ.

ಇದೇ ಕೆಲಸವನ್ನು ಸರ್ಕಾರಿ ಸೋಪು ಇನ್ನೂ ಧೈರ್ಯವಾಗಿ ಮಾಡಿತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಮೈಸೂರು ಸ್ಯಾಂಡಲ್ ಮನೆಮನೆಯ ಸಾಬೂನು. 2012ರಲ್ಲಿ ಅದೇ ಸಂಸ್ಥೆ ‘ಮಿಲೇನಿಯಂ’ ಎಂಬ 150 ಗ್ರಾಮಿನ ಬಿಲ್ಲೆಗೆ 720 ರೂಪಾಯಿ ಇಟ್ಟಿತು. ಎಷ್ಟು ಜನ ಅದರಲ್ಲಿ ಮೈ ತೊಳೆದರೋ! ಆದರೆ ದರ ಕೇಳಿ ಹುಬ್ಬೇರಿಸಿದವರಿಗೆಲ್ಲ ಹಳೆಯ ಸೋಪಿನ ಗಂಧದ ಬೆಲೆಯೂ ನೆನಪಾಗಿರಬೇಕು.

ಆ ಸೋಪಿಗೆ ‘ಮೈಸೂರು’ ಇದ್ದಂತೆ ನಮ್ಮ ಸಿಹಿಗೆ ‘ಗೋಕಾಕ’ ಇದೆ. ಬಾಗಲಕೋಟೆ ಜಿಲ್ಲೆಯ ಅಮೀನಗಡದವರೂ ಊರಿನ ಹೆಸರಲ್ಲೇ ಕರದಂಟು ಮಾರುತ್ತಾರೆ. ನನ್ನನ್ನು ಕೇಳಿದರೆ, ಊರಿನ ಹೆಸರು ತರುವ ನಂಬಿಕೆಯ ಅರ್ಧದಷ್ಟನ್ನೂ ‘ರಾಯಲ್’, ‘ಪ್ರೀಮಿಯಂ’ಗಳು ತರಲಾರವು. ಅವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಊರಿನ ಹೆಸರಿಗೆ ಮಾತ್ರ ತಲೆಮಾರುಗಳ ಕೈಗುಣ ಬೇಕು.

ಇನ್ನು ಹಬ್ಬ ಮುಗಿಯುತ್ತಲೇ ಅದೇ ದುಬಾರಿ ಡಬ್ಬಿಗೆ ‘ಒಂದು ಕೊಂಡರೆ ಒಂದು ಉಚಿತ’ ಎಂದು ಬೋರ್ಡು ತೂಗುಹಾಕಿದರೆ, ನಿನ್ನೆ ಪೂರ್ತಿ ದುಡ್ಡು ಕೊಟ್ಟವನು ನಾಳೆ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಕೊಳ್ಳುವವರು ಡಬ್ಬಿಯ ಹಿಂಬದಿ ತಿರುಗಿಸಿ ನೋಡಬೇಕು. ತೂಕದಲ್ಲಿ ಹೆಚ್ಚಿರುವ ಪದಾರ್ಥವನ್ನೇ ಮೊದಲು ಬರೆಯಬೇಕೆಂಬುದು ಆಹಾರ ಕಾನೂನಿನ ನಿಯಮ. ಮುಂಬದಿಯಲ್ಲಿ ‘ಡ್ರೈಫ್ರೂಟ್ ಸ್ಪೆಷಲ್’ ಎಂದಿದ್ದು, ಹಿಂದೆ ಬೆಲ್ಲವೇ ಮೊದಲ ಸಾಲಿನಲ್ಲಿದ್ದರೆ ಪಾವ್ ಕೆಜಿ ಸಾದಾ ಕಟ್ಟಿಸಿಕೊಂಡು ಹೊರಡಬಹುದು.